ಮೊಸರಿಗೆ ಮಾರುಹೋದ ವಿಜ್ಞಾನಿ: ಮೆಚ್ನಿಕಾಫ್ ಎಲ್ಲಿ ಗೆದ್ದ, ಎಲ್ಲಿ ಎಡವಿದ?

ಹೋದ ವರ್ಷ ಊರಿಗೆ ಹೋಗಿದ್ದಾಗ ಅಪ್ಪನ ಮಾತ್ರೆ ಡಬ್ಬಿ ತೆಗೆದು ನೋಡಿದೆ. ತಿಂಗಳ ಕೊನೆ ಬಂದಿತ್ತು. ಬಿಪಿ ಮಾತ್ರೆ ಶೀಟಿನಲ್ಲಿ ಅರ್ಧಕ್ಕರ್ಧ ಹಾಗೇ ಉಳಿದಿತ್ತು. ಪಕ್ಕದಲ್ಲಿ ಪ್ರೊಬಯೋಟಿಕ್ ಕ್ಯಾಪ್ಸೂಲ್ ಶೀಟು ಮಾತ್ರ ದಿನ ತಪ್ಪದೆ ಖಾಲಿಯಾಗಿತ್ತು. ಕೇಳಿದ್ದಕ್ಕೆ ವಿಷಯ ಹೊರಗೆ ಬಂತು. ಐದಾರು ತಿಂಗಳ ಹಿಂದೆ ಆ್ಯಂಟಿಬಯೋಟಿಕ್ ತಗೊಂಡು ಭೇದಿ ಶುರುವಾಗಿತ್ತಂತೆ. ಆಗ ಯಾರೋ ಈ ಕ್ಯಾಪ್ಸೂಲ್ ಕೊಟ್ಟರು, ಭೇದಿ ನಿಂತಿತು. ಅವತ್ತಿಂದ ಅಪ್ಪ ಅದನ್ನ ಬಿಟ್ಟೇ ಇಲ್ಲ. ಅದಕ್ಕೆ ದುಡ್ಡು ಹೊಂದಿಸೋಕೆ ಬಿಪಿ ಮಾತ್ರೆಯನ್ನ ದಿನ ಬಿಟ್ಟು ದಿನ ತಗೋತಿದ್ದರು. ಅವರು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೀತಿದ್ದವರು, ಪೆನ್ಷನ್ ಇಲ್ಲ. ಮಗನ ಹತ್ತಿರ ಕೈಚಾಚೋ ಸ್ವಭಾವವೂ ಅಲ್ಲ.

ನಾನು ಓದಿದ್ದು ಇಂಜಿನಿಯರಿಂಗ್, ಡಾಕ್ಟರಿಕೆ ಅಲ್ಲ. ಆದರೆ ಈ ಕ್ಯಾಪ್ಸೂಲ್ ಮೇಲಿನ ನಂಬಿಕೆ ಎಲ್ಲಿಂದ ಬಂತು ಅಂತ ಹುಡುಕ್ತಾ ಹೋದೆ. ಆ ದಾರಿ ನನ್ನನ್ನ ಒಬ್ಬ ಮನುಷ್ಯನ ಹತ್ತಿರ ಕರ್ಕೊಂಡು ಹೋಯ್ತು: ಇಲ್ಯಾ ಮೆಚ್ನಿಕಾಫ್. ನೊಬೆಲ್ ಪಡೆದ ವಿಜ್ಞಾನಿ. ನಮ್ಮ ದೇಹ ರೋಗಾಣುಗಳ ಜೊತೆ ಹೇಗೆ ಹೋರಾಡುತ್ತೆ ಅಂತ ತೋರಿಸಿಕೊಟ್ಟವನು. ಮೊಸರು ತಿಂದರೆ ಮುಪ್ಪು ಮುಂದಕ್ಕೆ ಹೋಗುತ್ತೆ ಅಂತ ಜಗತ್ತನ್ನೇ ನಂಬಿಸಿದವನೂ ಅವನೇ. ಒಂದು ಮಾತನ್ನ ಆತ ಸಾಕ್ಷಿ ಇಟ್ಟು ಗೆದ್ದ. ಇನ್ನೊಂದಕ್ಕೆ ಸಾಕ್ಷಿ ಸಾಲದಿದ್ದರೂ ಜನ ಕೊಂಡುಕೊಂಡರು. ಇವತ್ತಿನ ಪ್ರೊಬಯೋಟಿಕ್ ಮಾರುಕಟ್ಟೆ ಅರ್ಥ ಆಗಬೇಕಾದರೆ ಈ ಎರಡೂ ಕಥೆ ಒಟ್ಟಿಗೆ ಗೊತ್ತಿರಬೇಕು.

ಸಾವಿನ ನೆರಳಲ್ಲಿ ಬೆಳೆದ ವಿಜ್ಞಾನಿ

ಮೆಚ್ನಿಕಾಫ್ ಹುಟ್ಟಿದ್ದು 1845ರಲ್ಲಿ, ಖಾರ್ಕಿವ್ ಹತ್ತಿರದ ಹಳ್ಳಿಯಲ್ಲಿ. ಆಗ ಅದು ರಷ್ಯಾ ಸಾಮ್ರಾಜ್ಯ, ಈಗ ಉಕ್ರೇನ್. ಅಪ್ಪ ಜಮೀನ್ದಾರಿ ಮನೆತನದ ಸೇನಾಧಿಕಾರಿ, ಅಮ್ಮ ಯಹೂದಿ ಮೂಲದ ಕುಟುಂಬದವಳು. ಹುಡುಗ ಚುರುಕು ಅಂದರೆ ಚುರುಕು. ಖಾರ್ಕಿವ್ ವಿಶ್ವವಿದ್ಯಾಲಯದ ನಾಲ್ಕು ವರ್ಷದ ಓದನ್ನ ಎರಡೇ ವರ್ಷದಲ್ಲಿ ಮುಗಿಸಿದ. ಇನ್ನೂ ಇಪ್ಪತ್ತೈದು ತುಂಬುವುದರೊಳಗೆ ಒಡೆಸ್ಸಾದಲ್ಲಿ ಪಾಠ ಹೇಳ್ತಿದ್ದ.

ವೈಯಕ್ತಿಕ ಬದುಕು ಮಾತ್ರ ಕಷ್ಟದ್ದು. 1869ರಲ್ಲಿ ಲುದ್ಮಿಲಾ ಎಂಬಾಕೆಯನ್ನ ಮದುವೆಯಾದ. ಆಕೆಗೆ ಕ್ಷಯ ಎಷ್ಟು ಜೋರಾಗಿತ್ತು ಅಂದರೆ, ಮದುವೆಗೆ ಆಕೆಯನ್ನ ಕುರ್ಚಿಯಲ್ಲಿ ಕೂರಿಸಿ ಹೊತ್ತು ತರಬೇಕಾಯ್ತು. ನಾಲ್ಕು ವರ್ಷ ಊರೂರು ಅಲೆದು ಚಿಕಿತ್ಸೆ ಕೊಡಿಸಿದರೂ 1873ರಲ್ಲಿ ಆಕೆ ತೀರಿಕೊಂಡಳು. ಆ ದುಃಖದಲ್ಲಿ ಆತ ತನ್ನ ಜೀವ ಕಳೆದುಕೊಳ್ಳೋಕೂ ಹೋಗಿ, ಬದುಕಿ ಉಳಿದ. ಎರಡು ವರ್ಷದ ಮೇಲೆ ಓಲ್ಗಾಳನ್ನ ಮದುವೆಯಾದ. ಆಕೆಗೂ ಟೈಫಾಯ್ಡ್ ಬಂದು ಸಾವಿನ ಬಾಗಿಲು ತಟ್ಟಿ ವಾಪಸ್ಸಾದಳು. ಅದೇ ಹೊತ್ತಲ್ಲಿ ಕುಗ್ಗಿಹೋಗಿದ್ದ ಮೆಚ್ನಿಕಾಫ್, ಮರುಕಳಿಸುವ ಜ್ವರ ಬಂದ ರೋಗಿಯ ರಕ್ತವನ್ನ ತನಗೇ ಚುಚ್ಚಿಕೊಂಡ. ಹೆಚ್ಚೂಕಮ್ಮಿ ಸತ್ತೇಹೋಗಿದ್ದ. ಆತನ ಅಣ್ಣ ಇವಾನ್ ಕೂಡ ಅದೇ 1881ರಲ್ಲಿ ಕಾಯಿಲೆಯಿಂದ ಸತ್ತ. ಟಾಲ್‌ಸ್ಟಾಯ್ ಬರೆದ ‘ಇವಾನ್ ಇಲಿಚ್‌ನ ಸಾವು’ ಕಥೆಗೆ ಪ್ರೇರಣೆಯಾದದ್ದು ಇದೇ ಅಣ್ಣ ಅಂತಾರೆ. ಸಾವನ್ನ ಇಷ್ಟು ಹತ್ತಿರದಿಂದ ನೋಡಿದವನು ಮುಂದೆ ಅದನ್ನ ದೂರ ತಳ್ಳುವ ದಾರಿ ಹುಡುಕಿದ್ದರಲ್ಲಿ ಆಶ್ಚರ್ಯ ಏನಿದೆ?

ಆ ವರ್ಷವೇ ಚಕ್ರವರ್ತಿ ಎರಡನೇ ಅಲೆಕ್ಸಾಂಡರ್‌ನ ಹತ್ಯೆಯಾಯ್ತು. ಸರ್ಕಾರ ವಿಶ್ವವಿದ್ಯಾಲಯಗಳ ಮೇಲೆ ಹಿಡಿತ ಬಿಗಿ ಮಾಡಿತು. ಮೆಚ್ನಿಕಾಫ್ ಕ್ರಾಂತಿಕಾರಿ ಏನಲ್ಲ. ಆದರೆ ಕ್ಯಾಂಪಸ್ಸಿನಲ್ಲಿ ವಿದ್ಯೆಗಿಂತ ರಾಜನಿಷ್ಠೆಯೇ ದೊಡ್ಡದಾದಾಗ ಅವನಿಂದ ಸಹಿಸೋಕೆ ಆಗಲಿಲ್ಲ. 1882ರಲ್ಲಿ ರಾಜೀನಾಮೆ ಬಿಸಾಕಿ, ಸಂಸಾರ ಕಟ್ಟಿಕೊಂಡು ಇಟಲಿಯ ಸಿಸಿಲಿ ದ್ವೀಪಕ್ಕೆ ಹೋದ.

ಒಂದು ಮುಳ್ಳು, ಇಪ್ಪತ್ತೈದು ವರ್ಷದ ಜಗಳ

ಮೆಸ್ಸಿನಾ ಊರಿನ ಸಮುದ್ರದಂಡೆ. ಕೆಲಸ ಇಲ್ಲ, ಲ್ಯಾಬ್ ಇಲ್ಲ, ಬಾಡಿಗೆ ಮನೆಯಲ್ಲೇ ಮೈಕ್ರೋಸ್ಕೋಪ್ ಇಟ್ಟುಕೊಂಡಿದ್ದ. ಒಂದು ದಿನ ಮನೆಯವರೆಲ್ಲ ಸರ್ಕಸ್ ನೋಡೋಕೆ ಹೋದಾಗ ಇವನೊಬ್ಬನೇ ಉಳಿದ. ಗಾಜಿನಂತೆ ಪಾರದರ್ಶಕವಾಗಿರೋ ನಕ್ಷತ್ರ ಮೀನಿನ ಮರಿಗಳಲ್ಲಿ ಕೆಲವು ಕಣಗಳು ಓಡಾಡೋದನ್ನ ನೋಡ್ತಿದ್ದವನಿಗೆ ಒಂದು ಯೋಚನೆ ಬಂತು. ಇವು ದೇಹಕ್ಕೆ ನುಗ್ಗಿದ ಶತ್ರುವನ್ನ ಸುತ್ತುವರಿಯುವ ಕಾವಲುಗಾರರಾಗಿದ್ದರೆ? ತೋಟಕ್ಕೆ ಹೋಗಿ ಗುಲಾಬಿ ಮುಳ್ಳು ಕಿತ್ತು ತಂದು ಮರಿಗಳಿಗೆ ಚುಚ್ಚಿದ. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಬೆಳಗ್ಗೆ ನೋಡಿದರೆ ಕಣಗಳು ಮುಳ್ಳಿನ ಸುತ್ತ ಮುತ್ತಿಗೆ ಹಾಕಿ ನಿಂತಿದ್ದವು.

ನಮ್ಮ ಬಿಳಿ ರಕ್ತಕಣಗಳು ರೋಗಾಣುಗಳನ್ನ ನುಂಗಿ ಹಾಕ್ತವೆ ಅನ್ನೋ ತಿಳಿವಳಿಕೆ ಶುರುವಾದದ್ದು ಹೀಗೆ. ಆ ಕಣಗಳಿಗೆ ಫ್ಯಾಗೊಸೈಟ್ ಅಂತ ಹೆಸರಾಯ್ತು. ಆದರೆ ಯಾರೂ ತಕ್ಷಣ ಒಪ್ಪಲಿಲ್ಲ. ರೋಗ ನಿರೋಧಕ ಶಕ್ತಿ ಇರೋದು ಕಣಗಳಲ್ಲಲ್ಲ, ರಕ್ತದ ದ್ರವದಲ್ಲಿ ಅಂತ ಜರ್ಮನ್ ವಿಜ್ಞಾನಿಗಳು ಪಟ್ಟು ಹಿಡಿದರು. ಅವರ ಪ್ರತಿ ಆಕ್ಷೇಪಕ್ಕೂ ಮೆಚ್ನಿಕಾಫ್ ಹೊಸ ಪ್ರಯೋಗದ ಮೂಲಕ ಉತ್ತರ ಕೊಡ್ತಾ ಹೋದ. ಹೆಚ್ಚುಕಡಿಮೆ ಇಪ್ಪತ್ತೈದು ವರ್ಷ ನಡೆದ ಜಗಳ ಅದು. 1908ರ ನೊಬೆಲ್ ಬಹುಮಾನವನ್ನ ಆತನಿಗೂ, ದ್ರವದ ಪಕ್ಷದ ಪಾಲ್ ಎರ್ಲಿಕ್‌ಗೂ ಹಂಚಿದರು. ಇಬ್ಬರೂ ಸರಿ ಅಂತ ಆಮೇಲೆ ಸಾಬೀತಾಯ್ತು. ಒಂದು ಒಳ್ಳೆ ಐಡಿಯಾ ಸತ್ಯ ಆಗೋಕೆ ಎಷ್ಟು ಪೆಟ್ಟು ತಿನ್ನಬೇಕು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಸಿಕ್ಕಿಲ್ಲ.

ಈ ನಡುವೆ ಆತ ಒಡೆಸ್ಸಾಗೆ ವಾಪಸ್ಸು ಬಂದು, 1886ರಲ್ಲಿ ಹುಚ್ಚುನಾಯಿ ಲಸಿಕೆ ಕೊಡುವ ಹೊಸ ಕೇಂದ್ರದ ಮುಖ್ಯಸ್ಥನಾದ. ಸ್ಥಳೀಯ ವೈದ್ಯರು ಆತ ಡಾಕ್ಟರೇ ಅಲ್ಲ ಅಂತ ವಿರೋಧಿಸಿದರು. ಬೇಸತ್ತು 1888ರಲ್ಲಿ ಪ್ಯಾರಿಸ್‌ಗೆ ಹೋದ. ಲೂಯಿ ಪಾಶ್ಚರ್ ತನ್ನ ಹೊಸ ಸಂಸ್ಥೆಯಲ್ಲಿ ಜಾಗ ಕೊಟ್ಟ. ಮುಂದಿನ 28 ವರ್ಷ, ಸಾಯೋತನಕ, ಮೆಚ್ನಿಕಾಫ್ ಅಲ್ಲೇ ಇದ್ದ.

ನಮಗೆ ಸಂಬಂಧಪಟ್ಟ ಒಂದು ಎಳೆ ಇಲ್ಲೇ ಇದೆ. ಒಡೆಸ್ಸಾದಲ್ಲಿ ಈತನ ಶಿಷ್ಯನಾಗಿದ್ದ ವಾಲ್ಡೆಮರ್ ಹಾಫ್‌ಕಿನ್‌ಗೆ ಯಹೂದಿ ಅನ್ನೋ ಕಾರಣಕ್ಕೆ ರಷ್ಯಾದಲ್ಲಿ ದಾರಿ ಮುಚ್ಚಿತ್ತು. ಅವನೂ ಪಾಶ್ಚರ್ ಸಂಸ್ಥೆ ಸೇರಿ, ಕಾಲರಾ ಲಸಿಕೆ ಕಂಡುಹಿಡಿದು, 1893ರಲ್ಲಿ ಭಾರತಕ್ಕೆ ಬಂದ. 1897ರಲ್ಲಿ ಮುಂಬೈನಲ್ಲಿ ಪ್ಲೇಗ್ ಲಸಿಕೆ ತಯಾರಿಸಿ ಮೊದಲು ತನಗೇ ಚುಚ್ಚಿಕೊಂಡ. ಮರುವರ್ಷ ಪ್ಲೇಗ್ ಹುಬ್ಬಳ್ಳಿಗೆ ನುಗ್ಗಿದಾಗ ಅಲ್ಲಿನ ಜನಕ್ಕೆ ಹಾಕಿದ್ದು ಇದೇ ಲಸಿಕೆ. ಅದೇ 1898ರಲ್ಲಿ ಬೆಂಗಳೂರಿಗೂ ಪ್ಲೇಗ್ ಬಂತು. ಆಮೇಲೆ ಊರಿನ ಇಕ್ಕಟ್ಟು ಬಿಡಿಸೋಕೆ ಬೆಳೆಸಿದ ಬಡಾವಣೆಗಳೇ ಬಸವನಗುಡಿ, ಮಲ್ಲೇಶ್ವರ.

ಕರುಳಿನ ಮೇಲೆ ಅನುಮಾನ

1892ರಲ್ಲಿ ಯುರೋಪಿಗೆ ಕಾಲರಾ ಬಂದಿತ್ತು. ಮೆಚ್ನಿಕಾಫ್ ಕಾಲರಾ ಬ್ಯಾಕ್ಟೀರಿಯಾವನ್ನ ತಾನೇ ಕುಡಿದ. ಏನೂ ಆಗಲಿಲ್ಲ. ಆದರೆ ಹಾಗೆ ಕುಡಿದ ಸ್ವಯಂಸೇವಕರಲ್ಲಿ ಒಬ್ಬ ಸಾವಿನಂಚಿಗೆ ಹೋದ. ಒಂದೇ ರೋಗಾಣು, ಒಬ್ಬನಿಗೆ ಯಾಕೆ ತಾಗುತ್ತೆ, ಇನ್ನೊಬ್ಬನಿಗೆ ಯಾಕೆ ತಾಗಲ್ಲ? ಕರುಳಿನಲ್ಲಿ ಮೊದಲೇ ಮನೆ ಮಾಡಿಕೊಂಡಿರೋ ಬೇರೆ ಸೂಕ್ಷ್ಮಜೀವಿಗಳು ಇದನ್ನ ತೀರ್ಮಾನ ಮಾಡ್ತಿರಬಹುದು ಅಂತ ಆತನಿಗೆ ಹೊಳೆಯಿತು. ಇವತ್ತು ಮೈಕ್ರೋಬಯೋಮ್ ಅಂತ ಏನು ಅಂತೀವೋ, ಅದರ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು. ಪ್ರಶ್ನೆ ಅದ್ಭುತ. ಜನರ ಮೇಲೆ ಹೀಗೆ ಪ್ರಯೋಗ ಮಾಡಿದ್ದನ್ನ ಮಾತ್ರ ಇವತ್ತು ಯಾವ ನೈತಿಕ ಸಮಿತಿಯೂ ಒಪ್ಪಲ್ಲ.

ಅಲ್ಲಿಂದ ಆತನ ಗಮನ ಮುಪ್ಪಿನ ಕಡೆ ತಿರುಗಿತು. ದೊಡ್ಡ ಕರುಳಲ್ಲಿ ಕೊಳೆಸುವ ಬ್ಯಾಕ್ಟೀರಿಯಾಗಳು ವಿಷ ತಯಾರಿಸ್ತವೆ. ಆ ವಿಷ ದೇಹದ ಕಣಗಳನ್ನ ದುರ್ಬಲ ಮಾಡುತ್ತೆ. ದುರ್ಬಲವಾದ ಕಣಗಳನ್ನ ನಮ್ಮದೇ ಫ್ಯಾಗೊಸೈಟ್‌ಗಳು ತಿನ್ನೋಕೆ ಶುರು ಮಾಡ್ತವೆ. ಮುಪ್ಪು ಅಂದರೆ ಇದೇ ಅಂತ ಆತನ ವಾದ. ಹಾಗಾದರೆ ಪರಿಹಾರ? ಹಾಲು ಹುಳಿಯಾದಾಗ ಕೆಡಲ್ಲ, ಯಾಕಂದರೆ ಲ್ಯಾಕ್ಟಿಕ್ ಆಮ್ಲ ಕೊಳೆಸುವ ಬ್ಯಾಕ್ಟೀರಿಯಾವನ್ನ ತಡೆಯುತ್ತೆ. ಕರುಳಿಗೂ ಅದೇ ಬ್ಯಾಕ್ಟೀರಿಯಾ ಕಳಿಸಿದರೆ ಅಲ್ಲೂ ಕೊಳೆಯೋದು ನಿಲ್ಲಬೇಕಲ್ವಾ? ಬಲ್ಗೇರಿಯಾದ ಹಳ್ಳಿಗರು ಮೊಸರು ತಿಂದು ನೂರು ವರ್ಷ ಬದುಕ್ತಾರೆ ಅನ್ನೋ ಸುದ್ದಿ ಇದಕ್ಕೆ ಪುಷ್ಟಿ ಕೊಟ್ಟಿತು. 1905ರಲ್ಲಿ ಸ್ಟಾಮೆನ್ ಗ್ರಿಗೊರೊವ್ ಎಂಬ ಬಲ್ಗೇರಿಯಾದ ವಿದ್ಯಾರ್ಥಿ ಆ ಮೊಸರಿನ ಬ್ಯಾಕ್ಟೀರಿಯಾವನ್ನ ಪತ್ತೆ ಮಾಡಿದ.

1904ರಲ್ಲಿ ಪ್ಯಾರಿಸ್‌ನಲ್ಲಿ ಮೆಚ್ನಿಕಾಫ್ ಮುಪ್ಪಿನ ಬಗ್ಗೆ ಉಪನ್ಯಾಸ ಕೊಟ್ಟ. ಪತ್ರಿಕೆಗಳಿಗೆ ಹಬ್ಬವೋ ಹಬ್ಬ. ಆತ ಹೇಳಿದ್ದರಲ್ಲಿದ್ದ ‘ಬಹುದು’ಗಳನ್ನೆಲ್ಲ ಪತ್ರಿಕೆಗಳು ನುಂಗಿ ಹಾಕಿದವು. ಮುಪ್ಪಿಗೆ ಮದ್ದು ಸಿಕ್ಕಿತು ಅನ್ನೋದಷ್ಟೇ ಉಳಿಯಿತು. ಯುರೋಪಿನಲ್ಲಿ ಮೊಸರು ಮೆಡಿಕಲ್ ಶಾಪಿಗೆ ಬಂತು, ಪುಡಿಯಾಯ್ತು, ಮಾತ್ರೆಯಾಯ್ತು. ವ್ಯಾಪಾರಿಗಳು ಆತನ ಹೆಸರನ್ನ ಜಾಹೀರಾತಿಗೆ ಅಂಟಿಸಿದರು. ಇದರ ಕರಾಳ ಮುಖವೂ ಇತ್ತು. ಕರುಳಿನ ವಿಷದ ಸಿದ್ಧಾಂತವನ್ನ ನಂಬಿದ ಲಂಡನ್ನಿನ ಶಸ್ತ್ರವೈದ್ಯ ಆರ್ಬತ್‌ನಾಟ್ ಲೇನ್, ಮಲಬದ್ಧತೆ ಇದ್ದವರ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆಯೋಕೆ ಶುರು ಮಾಡಿದ.

ಇಂಜಿನಿಯರಿಂಗ್‌ನಲ್ಲಿ ನಮಗೆ ಕಲಿಸಿದ ಮೊದಲ ಪಾಠಗಳಲ್ಲಿ ಒಂದು: ಎರಡು ಸಂಗತಿ ಒಟ್ಟಿಗೆ ಕಂಡರೆ ಒಂದು ಇನ್ನೊಂದಕ್ಕೆ ಕಾರಣ ಅಂತ ಅಲ್ಲ. ಬಲ್ಗೇರಿಯಾದ ಆ ಅಜ್ಜಂದಿರು ಹೊಲದಲ್ಲಿ ದುಡೀತಿದ್ದರು, ಬೇರೆ ಗಾಳಿ, ಬೇರೆ ಊಟ. ಅವರ ವಯಸ್ಸು ನಿಜಕ್ಕೂ ಅಷ್ಟೇನಾ ಅನ್ನೋದೂ ಪ್ರಶ್ನೆಯೇ. ನಕ್ಷತ್ರ ಮೀನಿನ ವಿಷಯದಲ್ಲಿ ಪ್ರತಿ ಆಕ್ಷೇಪಕ್ಕೂ ಪ್ರಯೋಗ ಮಾಡಿದವನು, ಮೊಸರಿನ ವಿಷಯದಲ್ಲಿ ಅಷ್ಟು ಕಟುವಾದ ಪರೀಕ್ಷೆಗೆ ಕಾಯಲಿಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಲಿಯೋ ರೆಟ್‌ಗರ್ ತಂಡ ಮುಂದೆ ಆ ಪರೀಕ್ಷೆ ಮಾಡಿತು. ಬಲ್ಗೇರಿಯಾ ಮೊಸರಿನ ಬ್ಯಾಕ್ಟೀರಿಯಾ ಮನುಷ್ಯನ ಕರುಳಲ್ಲಿ ನೆಲೆ ನಿಲ್ಲೋದೇ ಇಲ್ಲ ಅಂತ ಗೊತ್ತಾಯ್ತು.

ಅಷ್ಟರಲ್ಲಿ ಮೆಚ್ನಿಕಾಫ್ ಇರಲಿಲ್ಲ. ದಿನಾ ಮೊಸರು ತಿಂದು, ಹಣ್ಣಿಗೂ ಬಿಸಿನೀರು ಹುಯ್ದು ತಿನ್ನುತ್ತಿದ್ದ ಆತ 1916ರ ಜುಲೈನಲ್ಲಿ, ಮಹಾಯುದ್ಧದ ನಡುವೆ, ಹೃದಯದ ಕಾಯಿಲೆಯಿಂದ ತೀರಿಕೊಂಡ. ಆಗ 71 ವರ್ಷ. ತನ್ನ ದೇಹವನ್ನ ಪರೀಕ್ಷೆ ಮಾಡಿ ನೋಡಿ ಅಂತ ಜೊತೆಗಾರರಿಗೆ ಮೊದಲೇ ಹೇಳಿಟ್ಟಿದ್ದ. ಚಿತಾಭಸ್ಮ ಪಾಶ್ಚರ್ ಸಂಸ್ಥೆಯ ಲೈಬ್ರರಿಯಲ್ಲಿದೆ.

ಹೆಪ್ಪು ಹಾಕಿದವನು ಹೋದ, ವ್ಯಾಪಾರ ಉಳಿಯಿತು

ಆತ ಸತ್ತ ಮೂರೇ ವರ್ಷಕ್ಕೆ, 1919ರಲ್ಲಿ, ಬಾರ್ಸಿಲೋನಾದಲ್ಲಿ ಐಸಾಕ್ ಕರಾಸೊ ಪಾಶ್ಚರ್ ಸಂಸ್ಥೆಯಿಂದ ಹೆಪ್ಪು ತರಿಸಿ ಮೊಸರು ಮಾರೋಕೆ ಶುರು ಮಾಡಿದ. ಅದೇ ಇವತ್ತಿನ ಡಾನೋನ್. ಜಪಾನಿನಲ್ಲಿ ಮಿನೊರು ಶಿರೋಟಾ 1930ರಲ್ಲಿ ಒಂದು ಬ್ಯಾಕ್ಟೀರಿಯಾ ತಳಿಯನ್ನ ಬೆಳೆಸಿದ, 1935ರಲ್ಲಿ ಯಾಕುಲ್ಟ್ ಮಾರುಕಟ್ಟೆಗೆ ಬಂತು. ನೂರು ವರ್ಷದಲ್ಲಿ ಇದು ಜಗತ್ತಿನ ದೊಡ್ಡ ವ್ಯಾಪಾರಗಳಲ್ಲಿ ಒಂದಾಯ್ತು.

ಹಾಗಾದರೆ ಪ್ರೊಬಯೋಟಿಕ್ ಎಲ್ಲಾ ಬರೀ ಬೊಗಳೆನಾ? ಇಲ್ಲ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು.

ಕೆಲಸ ಮಾಡೋ ಜಾಗಗಳಿವೆ. ಆ್ಯಂಟಿಬಯೋಟಿಕ್ ಕೊಟ್ಟಾಗ ಮಕ್ಕಳಿಗೆ ಬರೋ ಭೇದಿಯನ್ನ ಕೆಲವು ತಳಿಗಳು, ಸರಿಯಾದ ಪ್ರಮಾಣದಲ್ಲಿ ಕೊಟ್ಟರೆ, ಕಡಿಮೆ ಮಾಡ್ತವೆ. ಒಡಿಶಾದ ಹಳ್ಳಿಗಳಲ್ಲಿ 4,556 ನವಜಾತ ಶಿಶುಗಳ ಮೇಲೆ ನಡೆದ ಅಧ್ಯಯನ 2017ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಒಂದು ನಿರ್ದಿಷ್ಟ ತಳಿಯನ್ನ, ಅದಕ್ಕೆ ಆಹಾರವಾಗೋ ಸಕ್ಕರೆಯಂಥ ಪದಾರ್ಥದ ಜೊತೆ ಏಳು ದಿನ ಕೊಟ್ಟಿದ್ದರು. ರಕ್ತದ ಸೋಂಕು ಅಥವಾ ಸಾವು ಕಂಡ ಮಕ್ಕಳ ಪ್ರಮಾಣ ಶೇ. 9ರಿಂದ ಶೇ. 5.4ಕ್ಕೆ ಇಳಿಯಿತು. ಸಣ್ಣ ಮಾತಲ್ಲ ಇದು.

ಕೆಲಸ ಮಾಡದ ಜಾಗಗಳೂ ಇವೆ. ವಾಂತಿಭೇದಿ ಆಗಿ ಆಸ್ಪತ್ರೆಗೆ ಬಂದ ಮಕ್ಕಳ ಮೇಲೆ ಅಮೆರಿಕ ಮತ್ತು ಕೆನಡಾದಲ್ಲಿ ನಡೆದ ಎರಡು ದೊಡ್ಡ ಅಧ್ಯಯನಗಳು 2018ರಲ್ಲಿ ಪ್ರಕಟವಾದವು. ಪ್ರೊಬಯೋಟಿಕ್ ಕೊಟ್ಟವರಿಗೂ ಕೊಡದವರಿಗೂ ವ್ಯತ್ಯಾಸ ಕಾಣಲಿಲ್ಲ. ಅದೇ ವರ್ಷ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು, ಆ್ಯಂಟಿಬಯೋಟಿಕ್ ನಂತರ ಪ್ರೊಬಯೋಟಿಕ್ ತಗೊಂಡವರ ಕರುಳಿನ ಸ್ವಂತ ಸೂಕ್ಷ್ಮಜೀವಿಗಳು ಮರಳಿ ಬರೋದು ಇನ್ನೂ ತಡವಾಯ್ತು ಅಂತ ಕಂಡುಕೊಂಡರು. 2020ರಲ್ಲಿ ಅಮೆರಿಕದ ಜಠರ-ಕರುಳು ತಜ್ಞರ ಸಂಘ, ಬೆರಳೆಣಿಕೆಯ ಸಂದರ್ಭ ಬಿಟ್ಟರೆ ಹೆಚ್ಚಿನ ಹೊಟ್ಟೆ ಕಾಯಿಲೆಗಳಿಗೆ ಇದನ್ನ ಶಿಫಾರಸು ಮಾಡೋಕೆ ಪುರಾವೆ ಸಾಲದು ಅಂತ ಹೇಳಿತು.

ಅಪಾಯದ ಜಾಗವೂ ಇದೆ. ನೆದರ್‌ಲ್ಯಾಂಡ್ಸ್‌ನಲ್ಲಿ ತೀವ್ರವಾದ ಮೇದೋಜೀರಕ ಗ್ರಂಥಿಯ ಉರಿಯೂತ ಇದ್ದವರಿಗೆ ಪ್ರೊಬಯೋಟಿಕ್ ಕೊಟ್ಟು ನೋಡಿದ ಅಧ್ಯಯನ 2008ರಲ್ಲಿ ಬಂತು. ಕೊಟ್ಟ ಗುಂಪಿನಲ್ಲಿ 24 ಜನ ಸತ್ತರು, ಕೊಡದ ಗುಂಪಿನಲ್ಲಿ 9. ‘ಹೇಗೂ ಮೊಸರಿನ ಥರ ತಾನೇ, ಏನಾಗುತ್ತೆ’ ಅನ್ನೋರು ಈ ಲೆಕ್ಕ ನೆನಪಿಟ್ಟುಕೊಳ್ಳಬೇಕು. ತೀರಾ ಕಾಯಿಲೆ ಬಿದ್ದವರಿಗೆ ಜೀವಂತ ಬ್ಯಾಕ್ಟೀರಿಯಾ ಕೊಡೋದು ಡಾಕ್ಟರ್ ತೀರ್ಮಾನ ಮಾಡಬೇಕಾದ ವಿಷಯ.

ಒಟ್ಟು ಸಾರ ಇಷ್ಟು: ಪ್ರೊಬಯೋಟಿಕ್ ಅನ್ನೋದು ಒಂದು ಔಷಧ ಅಲ್ಲ, ನೂರಾರು ಬೇರೆಬೇರೆ ತಳಿಗಳಿಗೆ ಇಟ್ಟ ಒಂದೇ ಹೆಸರು. ಯಾವ ತಳಿ, ಎಷ್ಟು, ಯಾವ ಕಾಯಿಲೆಗೆ, ಎಷ್ಟು ದಿನ ಅಂತ ಹೇಳದಿದ್ದರೆ ಆ ಪದಕ್ಕೆ ಅರ್ಥವೇ ಇಲ್ಲ.

ಇನ್ನು ನಮ್ಮ ಮನೆ ಮೊಸರು? ಶಾಸ್ತ್ರದ ಪ್ರಕಾರ ಅದು ಪ್ರೊಬಯೋಟಿಕ್ ಅಲ್ಲ, ಯಾಕಂದರೆ ಅದರಲ್ಲಿ ಯಾವ ತಳಿ ಇದೆ, ಎಷ್ಟಿದೆ ಅಂತ ಯಾರೂ ಅಳೆದಿಲ್ಲ. ಇಡ್ಲಿ, ದೋಸೆ ಹಿಟ್ಟು ಹುದುಗಿದರೂ ಬೇಯಿಸುವಾಗ ಬ್ಯಾಕ್ಟೀರಿಯಾ ಸಾಯ್ತವೆ. ಹಾಗಂತ ಇವೆಲ್ಲ ವೇಸ್ಟ್ ಅಂತ ಅಲ್ಲ. ಹಾಲು ಅರಗದವರಿಗೆ ಮೊಸರು ಅರಗೋದು ನಿಜ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ ಆ ಒಂದು ವಾದವನ್ನ ಒಪ್ಪಿಕೊಂಡಿತು. 2021ರಲ್ಲಿ ಸ್ಟ್ಯಾನ್‌ಫರ್ಡ್‌ನವರು 36 ಜನರ ಮೇಲೆ ಹತ್ತು ವಾರ ಅಧ್ಯಯನ ನಡೆಸಿದರು. ಮೊಸರಿನಂಥ ಹುದುಗಿದ ಆಹಾರ ಹೆಚ್ಚು ತಿಂದವರ ಕರುಳಿನ ಸೂಕ್ಷ್ಮಜೀವಿಗಳ ವೈವಿಧ್ಯ ಹೆಚ್ಚಿತು, ಉರಿಯೂತದ ಕೆಲವು ಸೂಚಕಗಳು ಇಳಿದವು. ಚಿಕ್ಕ ಅಧ್ಯಯನ, ಆದರೆ ಭರವಸೆಯದ್ದು. ಮಧ್ಯಾಹ್ನದ ಊಟಕ್ಕೆ ಒಂದು ಲೋಟ ಮಜ್ಜಿಗೆ ಕುಡಿಯೋಕೆ ಇಷ್ಟು ಸಾಕು. ಅದಕ್ಕೆ ಮುಪ್ಪು ಗೆಲ್ಲೋ ಜವಾಬ್ದಾರಿ ಹೊರಿಸೋದು ಬೇಡ.

ಪ್ಯಾಕೆಟ್ಟಿನ ಮೇಲೆ ಏನಿರಬೇಕು?

2023ರ ಮಾರ್ಚ್‌ನಲ್ಲಿ ನಂದಿನಿ ಮೊಸರಿನ ಪ್ಯಾಕೆಟ್ ಮೇಲೆ ‘ದಹಿ’ ಅಂತ ಹಾಕಬೇಕು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಹೊರಟಾಗ ನಾವೆಲ್ಲ ಸಿಡಿದೆದ್ದೆವು. ಆದೇಶ ವಾಪಸ್ಸಾಯ್ತು. ಆ ಹೋರಾಟ ಸರಿಯೇ ಇತ್ತು, ನಾನೂ ಅದರ ಪರವಾಗಿ ಬರೆದಿದ್ದೆ. ಆದರೆ ಪ್ಯಾಕೆಟ್ಟಿನ ಮೇಲಿನ ಹೆಸರಿಗೆ ಕೇಳಿದಷ್ಟೇ ಜೋರಾಗಿ, ಬಾಟಲಿಗಳ ಮೇಲಿನ ಆರೋಗ್ಯದ ಭರವಸೆಗೂ ನಾವು ಪುರಾವೆ ಕೇಳಬೇಕಲ್ವಾ? 2010ರಲ್ಲಿ ಅಮೆರಿಕದಲ್ಲಿ ಡಾನೋನ್‌ನ ಅಲ್ಲಿನ ಕಂಪನಿ, ತನ್ನ ಪ್ರೊಬಯೋಟಿಕ್ ಮೊಸರಿನ ಬಗ್ಗೆ ಉತ್ಪ್ರೇಕ್ಷೆಯ ಜಾಹೀರಾತು ಕೊಟ್ಟ ಆರೋಪಕ್ಕೆ ಒಪ್ಪಂದ ಮಾಡಿಕೊಂಡು 39 ರಾಜ್ಯಗಳಿಗೆ 2.1 ಕೋಟಿ ಡಾಲರ್ ಕಟ್ಟಬೇಕಾಯ್ತು. ನಮ್ಮಲ್ಲೂ ಐಸಿಎಂಆರ್ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ ಸೇರಿ 2011ರಲ್ಲೇ ಪ್ರೊಬಯೋಟಿಕ್ ಆಹಾರಕ್ಕೆ ಮಾರ್ಗಸೂಚಿ ಬರೆದಿವೆ. ಕಾಗದದ ಮೇಲಿರೋದು ಅಂಗಡಿಯ ಕಪಾಟಿನಲ್ಲೂ ಇದೆಯಾ ಅಂತ ಕೇಳೋದು ಗ್ರಾಹಕರ ಕೆಲಸ ಮಾತ್ರ ಅಲ್ಲ, ರಾಜಕೀಯದ ಕೆಲಸ.

ಇನ್ನೊಂದು ಮಾತು. ಹೊಟ್ಟೆಯ ಆರೋಗ್ಯವನ್ನ ಬಾಟಲಿಯಲ್ಲಿ ಕೊಂಡುಕೊಳ್ಳೋ ಸರಕು ಅಂತ ನಂಬಿಸಿದಾಗ, ಕರುಳಿನ ಕಾಯಿಲೆಯ ದೊಡ್ಡ ಕಾರಣಗಳು ಕಣ್ಣಿಂದ ಮರೆಯಾಗ್ತವೆ. ಕಾಲರಾ ಬಂದದ್ದು ಕೊಳಕು ನೀರಿನಿಂದ. ಅದನ್ನ ಹಿಮ್ಮೆಟ್ಟಿಸಿದ್ದು ಶುದ್ಧ ನೀರು, ಒಳಚರಂಡಿ, ಲಸಿಕೆ ಮತ್ತು ಅಗ್ಗದ ಒಆರ್‌ಎಸ್. ಇವುಗಳನ್ನ ಒಬ್ಬೊಬ್ಬರೇ ಕೊಂಡುಕೊಳ್ಳೋಕೆ ಆಗಲ್ಲ, ಒಟ್ಟಾಗಿ ಸರ್ಕಾರದಿಂದ ಕೇಳಿ ಪಡೀಬೇಕು. ಅದಕ್ಕೇ ಇವಕ್ಕೆ ಜಾಹೀರಾತು ಇರಲ್ಲ.

ಮೆಚ್ನಿಕಾಫ್ ಮೇಲೆ ನನಗೆ ಸಿಟ್ಟಿಲ್ಲ. ಇಬ್ಬರು ಹೆಂಡತಿಯರ ಹಾಸಿಗೆ ಪಕ್ಕ ಕೂತು ರಾತ್ರಿ ಕಳೆದವನು ಮೊಸರಿನ ಬಟ್ಟಲಲ್ಲಿ ಆಸೆ ಕಂಡಿದ್ದು ನನಗೆ ಅರ್ಥ ಆಗುತ್ತೆ. ಆತನ ಪ್ರಶ್ನೆ ಸರಿ ಇತ್ತು, ಉತ್ತರಕ್ಕೆ ಅವಸರ ಮಾಡಿದ. ಕಂಪನಿಗಳು ಆ ಅವಸರದ ಉತ್ತರವನ್ನೇ ಹಿಡಿದುಕೊಂಡವು. ಪ್ರತಿ ಆಕ್ಷೇಪಕ್ಕೂ ಪ್ರಯೋಗ ಮಾಡ್ತಿದ್ದ ಆತನ ಹಟವನ್ನ ನಾವು ಹಿಡಿದುಕೊಳ್ಳಬಹುದು.

ಅಪ್ಪನನ್ನ ತಾಲ್ಲೂಕು ಆಸ್ಪತ್ರೆಗೆ ಕರ್ಕೊಂಡು ಹೋದೆ. ಡಾಕ್ಟರಮ್ಮ ಬಿಪಿ ನೋಡಿ ಮುಖ ಗಂಟಿಕ್ಕಿದರು. ಭೇದಿ ಇದ್ದ ಆ ಒಂದು ವಾರಕ್ಕೆ ಕ್ಯಾಪ್ಸೂಲ್ ಸರಿ ಇದ್ದಿರಬಹುದು, ಈಗ ಅದರ ಅಗತ್ಯ ಇಲ್ಲ, ಬಿಪಿ ಮಾತ್ರೆ ಒಂದು ದಿನವೂ ತಪ್ಪಿಸಬಾರದು ಅಂದರು. ಅಪ್ಪನಿಗೆ ಅರ್ಧ ಮನಸ್ಸು. ನಿಲ್ಲಿಸಿದರೆ ಮತ್ತೆ ಹೊಟ್ಟೆ ಕೆಟ್ಟರೆ ಅಂತ ಬಸ್ಸಿನಲ್ಲೂ ಎರಡು ಸಲ ಕೇಳಿದರು. ಮನೆಗೆ ಬಂದ ಮೇಲೆ ಅಮ್ಮ ಏನೂ ಮಾತಾಡದೆ ಒಂದು ಲೋಟ ಮಜ್ಜಿಗೆ ಕೊಟ್ಟರು, ಉಪ್ಪು ಕಡಿಮೆ ಹಾಕಿ. ಈಗ ಪ್ರತಿ ತಿಂಗಳು ಕೊನೆಗೆ ಫೋನ್ ಮಾಡಿ ಬಿಪಿ ಮಾತ್ರೆ ಶೀಟಿನ ಫೋಟೋ ಕಳಿಸೋಕೆ ಹೇಳ್ತೀನಿ. ಹೋದ ತಿಂಗಳು ಶೀಟು ಪೂರ್ತಿ ಖಾಲಿ ಇತ್ತು.